ಗದ್ದಲ ಎಂದು ಬರೆದದ್ದು

ಫೆಬ್ರವರಿ 9

ಅಪ್ಪಾ,

ನಾನು ಫೋನಿನಲ್ಲಿ ಅಳುತ್ತಾ ಹೇಳಿದ್ದು ಅಮ್ಮನಿಗೆ ಅರ್ಧ ತಿಳಿದಿರುತ್ತದೆ, ಅದರಲ್ಲಿ ಅರ್ಧ ಅವಳು ನಿಮಗೆ ಹೇಳಿರುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ದಿನವಿಡೀ ಸದನದಲ್ಲಿ ಕೂತು ಕಂಡವರ ಮಾತನ್ನೆಲ್ಲ ಬರೆದುಕೊಂಡು ಕಿವಿ ಸೋತಿರುತ್ತದೆ, ಮಗಳ ಮಾತಾದರೂ ಕಾಗದದಲ್ಲಿ ಬರಲಿ ಎಂದು ನೀವೇ ಅಲ್ಲವೇ ಹೇಳುವುದು.

ನನಗೇನೂ ಆಗಿಲ್ಲ. ಮೊದಲು ಅದನ್ನು ನಂಬಿ.

ಸೋಮವಾರ ಮೂರನೆಯ ಪೀರಿಯಡ್. ಒಂಬತ್ತನೆಯ ತರಗತಿಯನ್ನು ಪ್ರಯೋಗಶಾಲೆಗೆ ಕರೆದೊಯ್ದಿದ್ದೆ. ಒಬ್ಬಳ ಮೊಣಕೈ ತಗುಲಿ ಸ್ಪಿರಿಟ್ ಬಾಟಲಿ ಉರಿಯುವ ದೀಪದ ಮೇಲೆ ಉರುಳಿತು. ಬೆಂಕಿ ಮೇಜಿನ ಉದ್ದಕ್ಕೂ ನೀರು ಹರಿದ ಹಾಗೆ ಹರಿಯಿತು. ಮಕ್ಕಳನ್ನು ಹಿಂಬಾಗಿಲಿನಿಂದ ಹೊರಗೆ ತಳ್ಳಿ, ಬಾಗಿಲ ಪಕ್ಕದ ಗೋಡೆಯಲ್ಲಿ ನೇತುಹಾಕಿದ್ದ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಕಿತ್ತುಕೊಂಡೆ. ಮೂರು ವರ್ಷದ ಹಿಂದೆ ಸರ್ಕಾರ ಎಲ್ಲ ಶಾಲೆಗಳಿಗೂ ಹಾಸ್ಟೆಲುಗಳಿಗೂ ಕೊಟ್ಟದ್ದು. ಪಿನ್ ಎಳೆದು ಹಿಡಿ ಒತ್ತಿದೆ. ಏನೂ ಬರಲಿಲ್ಲ. ಮತ್ತೆ ಒತ್ತಿದೆ. ಬುಸ್ ಎಂಬ ಸದ್ದೂ ಇಲ್ಲ.

ನಮ್ಮ ಲ್ಯಾಬಿನ ಸಹಾಯಕಿ, ಕೀಲಿಕೈ ಅಕ್ಕ ನಿಮಗೆ ನೆನಪಿರಬೇಕು. ನೀವು ಬಂದಾಗ ಸೊಂಟದ ಗೊಂಚಲು ಕುಲುಕಿಸಿ, ಇಡೀ ಶಾಲೆ ನನ್ನ ಸೊಂಟದಲ್ಲಿದೆ ಸಾರ್ ಎಂದವರು. ಅವರು ಕಿಟಕಿಯ ಪರದೆ ಕಿತ್ತು ಬೆಂಕಿಯ ಮೇಲೆ ಹಾಕಿ ಎರಡೂ ಅಂಗೈಯಲ್ಲಿ ಒತ್ತಿ ಹಿಡಿದರು. ಬೆಂಕಿ ಆರಿತು. ಕೈ ಮಣಿಕಟ್ಟಿನವರೆಗೂ ಬೆಂದಿದೆ. ಬೆರಳು ಇನ್ನು ಮಡಚಲಿಕ್ಕಿಲ್ಲ ಎಂದು ವೈದ್ಯರು ಹೇಳುತ್ತಾರೆ. ಆಂಬುಲೆನ್ಸಿನಲ್ಲಿ ಅವರು ನನ್ನನ್ನು ಕೇಳಿದ್ದು ಒಂದೇ: "ಟೀಚರ್, ಕೀಲಿ ಯಾರ ಹತ್ರ ಇದೆ?"

ಮರುದಿನ ಶಾಲೆಯ ಒಂಬತ್ತು ಸಿಲಿಂಡರನ್ನೂ ಬಿಚ್ಚಿಸಿ ನೋಡಿದೆವು. ಒಂಬತ್ತೂ ಖಾಲಿ. ಖರ್ಚಾಗಿ ಖಾಲಿಯಾದದ್ದಲ್ಲ, ತುಂಬಿಸಿಯೇ ಇರಲಿಲ್ಲ. ಒಳಗಿನ ಬಣ್ಣ ಹೊಸದರ ಹಾಗೆ ಹೊಳೆಯುತ್ತಿತ್ತು. ಹೊರಗೆ ಮಾತ್ರ ಚೀಟಿ, ದುಂಡು ಮುದ್ರೆ, ತುಂಬಿಸಿ ಪರೀಕ್ಷಿಸಲಾಗಿದೆ ಎಂಬ ಒಕ್ಕಣೆ. ಪಕ್ಕದ ಶಾಲೆಯಲ್ಲೂ ಹಾಗೇ. ಕೆಲಸಕ್ಕೆ ಹೋಗುವ ಹೆಂಗಸರ ಹಾಸ್ಟೆಲಿನಲ್ಲೂ ಹಾಗೇ.

ಅಮ್ಮನಿಗೆ ಕೈಯ ವಿಚಾರ ಮೆಲ್ಲಗೆ ಹೇಳಿ.

ನಿಮ್ಮ ಪುಟ್ಟಿ


ಮಾರ್ಚ್ 3

ಪುಟ್ಟೀ,

ಇದನ್ನು ಆಫೀಸಿನಲ್ಲೇ ಕೂತು ಬರೆಯುತ್ತಿದ್ದೇನೆ. ಮನೆಗೆ ಹೋಗುವವರೆಗೆ ತಡೆಯಲಾಗಲಿಲ್ಲ. ನನ್ನ ಸರದಿ ಈಗಷ್ಟೇ ಮುಗಿಯಿತು. ಶೀಘ್ರಲಿಪಿಯಲ್ಲಿ ಬರೆದದ್ದನ್ನು ಇನ್ನು ಟೈಪು ಮಾಡಬೇಕು. ಅದಕ್ಕೂ ಮೊದಲು ನಿನಗೆ ಹೇಳಿಬಿಡುತ್ತೇನೆ.

ಇವತ್ತು ನಿಮ್ಮ ಸಿಲಿಂಡರುಗಳ ಪ್ರಶ್ನೆ ಸದನಕ್ಕೆ ಬಂತು. ನಾವು ವರದಿಗಾರರು ಹತ್ತು ಹತ್ತು ನಿಮಿಷದ ಸರದಿಯಲ್ಲಿ ಕೂರುತ್ತೇವೆಂದು ನಿನಗೆ ಗೊತ್ತು. ಹನ್ನೊಂದು ನಲವತ್ತರಿಂದ ನನ್ನದು. ಎರಡೂ ಪಕ್ಷದ ನಡುವಿನ ಆ ಮೇಜಿಗೆ ಮಂತ್ರಿಗಳ ಬೆಂಚು ಎರಡು ಮಾರು ದೂರ. ಸರಬರಾಜು ಮಂತ್ರಿಗಳು ಎಲ್ಲವೂ ನಿಯಮದಂತೆ ನಡೆದಿದೆ ಎಂದು ಓದುತ್ತಿದ್ದರು. ವಿರೋಧ ಪಕ್ಷದವರೆಲ್ಲ ಎದ್ದು ನಿಂತು ಕೂಗಾಡಿದರು. ಸಭಾಧ್ಯಕ್ಷರು ಮೈಕುಗಳನ್ನು ನಿಲ್ಲಿಸಿದರು. ಆಗ ಮಂತ್ರಿಗಳು ಕಾಗದ ಕೆಳಗಿಟ್ಟು, ಎದುರು ಬೆಂಚಿನ ನಾಯಕರ ಕಡೆ ಬಾಗಿ ಹೇಳಿದರು: "ಖಾಲಿ ಅಂತ ನಮಗೂ ಗೊತ್ತಿತ್ತು ಕಣ್ರೀ. ನಿಮ್ಮ ಕಾಲದಲ್ಲೇನು ತುಂಬಿಸಿ ಕಳಿಸ್ತಿದ್ರಾ?"

ಮೈಕಿಗೆ ಸಿಗಲಿಲ್ಲ. ಗ್ಯಾಲರಿಗೂ ಕೇಳಿರಲಾರದು. ನನ್ನ ತಲೆಗೆ ಹೋಗುವ ಮೊದಲೇ ಕೈ ಅದನ್ನು ಬರೆದಿತ್ತು. ಮೂವತ್ತೊಂದು ವರ್ಷದ ಅಭ್ಯಾಸ. ಎದುರಿನ ನಾಯಕರೋ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ತೆಪ್ಪಗೆ ಕೂತುಬಿಟ್ಟರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಮ್ಮ ಮೇಜಿನ ಮುಂದೆ ಆಡಿದ ಮಾತು ಹೋಗುವುದಿಲ್ಲ ಪುಟ್ಟೀ. ಅಚ್ಚಾಗುತ್ತದೆ. ನಾಲ್ಕು ದಿನದಲ್ಲಿ ಯಾರು ಬೇಕಾದರೂ ಓದಬಹುದು. ನಿಮ್ಮ ಕೀಲಿಕೈ ಅಕ್ಕನಿಗೆ ಓದಿ ಹೇಳು.

ಅಚ್ಚಾಗುವ ಮೊದಲು ಹೊರಗಿನವರಿಗೆ ಹೇಳಬಾರದು. ನೀನು ಹೊರಗಿನವಳಲ್ಲವಲ್ಲ.

ಈ ಕೆಲಸಕ್ಕೆ ಸೇರಿದ್ದಕ್ಕೆ ಇವತ್ತು ನನಗೆ ಹೆಮ್ಮೆಯಾಯಿತು.

ಅಪ್ಪ


ಮಾರ್ಚ್ 14

ಅಪ್ಪಾ,

ನಿಮ್ಮ ಕಾಗದ ಓದಿ ಶಿಕ್ಷಕರ ಕೋಣೆಯಲ್ಲಿ ಕುರ್ಚಿ ಬಿಟ್ಟು ಎದ್ದು ನಿಂತಿದ್ದೆ. ಗಣಿತದ ಮೇಷ್ಟ್ರು ಚೇಳು ಕಡಿಯಿತೇ ಎಂದು ವಿಚಾರಿಸಿದರು. ಮಂತ್ರಿಗಳ ಮಾತನ್ನು ಹೇಳಿದೆ, ನನಗೆ ತಿಳಿಸಿದವರು ಯಾರೆಂದು ಹೇಳಲಿಲ್ಲ. ಸದನದಲ್ಲಿ ಕೂತು ಕೇಳಿದವರೊಬ್ಬರು ಎಂದಷ್ಟೇ. ಗೊತ್ತಿಲ್ಲದೆ ಆದದ್ದು ಬೇರೆ, ಗೊತ್ತಿದ್ದೂ ಮಾಡಿದ್ದು ಬೇರೆ ಅಲ್ಲವೇ.

ಈಗ ಸುದ್ದಿ ಕೇಳಿ. ಇಪ್ಪತ್ತಾರಕ್ಕೆ ನಾವೆಲ್ಲ ನಿಮ್ಮ ಊರಿಗೆ ಬರುತ್ತಿದ್ದೇವೆ. ಹನ್ನೊಂದು ಶಾಲೆಯ ಶಿಕ್ಷಕರು, ತಂದೆತಾಯಂದಿರು, ಹಾಸ್ಟೆಲಿನ ಹೆಂಗಸರು. ಒಬ್ಬೊಬ್ಬರೂ ಒಂದೊಂದು ಖಾಲಿ ಸಿಲಿಂಡರ್ ತಂದು ಸದನದ ಎದುರಿನ ಚೌಕದಲ್ಲಿ ಮುಂದಿಟ್ಟುಕೊಂಡು ಕೂರುವುದು. ಕೂಗುವುದು ಬೇಡ, ಸುಮ್ಮನೆ ಕೂರೋಣ ಎಂದು ನಮ್ಮ ಹೆಡ್ ಮೇಡಂ ಹೇಳಿದ್ದಾರೆ. ಕೈಚೀಟಿ ಬರೆದು ಅಚ್ಚು ಹಾಕಿಸಿದವಳು ನಾನು. ಮೊದಲ ಸಾಲಿನಲ್ಲೇ ಮಂತ್ರಿಗಳ ಮಾತು ಇದೆ, ದಪ್ಪಕ್ಷರದಲ್ಲಿ.

ಅನುಮತಿ ಕೇಳಿದೆವು. ಕ್ರೀಡಾಂಗಣದ ಹಿಂದಿನ ಬಯಲಿನಲ್ಲಿ ಹತ್ತರಿಂದ ಹನ್ನೆರಡರವರೆಗೆ ಕೂರಬಹುದಂತೆ. ಅಲ್ಲಿ ಕೂತರೆ ನಮ್ಮನ್ನು ನೋಡುವುದು ಗೋಲು ಕಂಬಗಳು ಮಾತ್ರ. ನಾವು ಚೌಕಕ್ಕೇ ಹೋಗುತ್ತೇವೆ. ನಾನು ಚಿಕ್ಕವಳಿದ್ದಾಗ ನೀವು ನನ್ನನ್ನು ಗ್ಯಾಲರಿಯಲ್ಲಿ ಕೂರಿಸಿ, ಇವರೆಲ್ಲ ನಮ್ಮ ಬದಲಿಗೆ ಮಾತಾಡುವವರು ಎಂದು ತೋರಿಸಿದ್ದಿರಿ. ನಮ್ಮ ಬದಲಿಗೆ ಆಡಬೇಕಾದವರು ಬಾಯಿ ಮುಚ್ಚಿಕೊಂಡರೆ ನಮ್ಮ ಮಾತನ್ನು ನಾವೇ ಆಡಬೇಕಲ್ಲ. ಯಾರ ಮೇಲೆ ದೂರೋ ಅವರ ಅಪ್ಪಣೆ ಪಡೆದೇ ದೂರಬೇಕು ಎಂದರೆ ಅದು ಯಾವ ಸೀಮೆಯ ದೂರು?

ಹಿಂದಿನ ದಿನವೇ ಬಂದು ಮನೆಯಲ್ಲಿರುತ್ತೇನೆ. ಅಮ್ಮನಿಗೆ ನನ್ನ ಹಳೆಯ ಹೊದಿಕೆ ತೆಗೆದಿಡಲು ಹೇಳಿ. ಅಚ್ಚಾದ ಪುಟ ಸಿಕ್ಕರೆ ಒಂದು ಪ್ರತಿ ಕಳಿಸಿ. ಹತ್ತು ದಿನದಿಂದ ಕಾಯುತ್ತಿದ್ದೇನೆ.

ಪುಟ್ಟಿ


ಮಾರ್ಚ್ 19

ಮಗಳೇ,

ನಿನ್ನ ಕಾಗದ ತಲುಪಿತು. ಎಲ್ಲರೂ ಕ್ಷೇಮ.

ಇಪ್ಪತ್ತಾರಕ್ಕೆ ನೀನು ಬರುವುದು ಬೇಡ. ಬೇರೆಯವರು ಹೋಗುವುದಾದರೆ ಹೋಗಲಿ. ನೀನು ಸರ್ಕಾರಿ ಕೆಲಸದಲ್ಲಿರುವವಳು, ಅನುಮತಿ ಇಲ್ಲದ ಜಾಗದಲ್ಲಿ ಕೂರುವುದು ಸರಿಯಲ್ಲ. ಬಯಲಿನಲ್ಲಿ ಕೂತರೂ ಕೂತಂತೆಯೇ.

ಕೈಚೀಟಿಯಿಂದ ಆ ಮಾತನ್ನು ತೆಗೆಸು. ಆ ದಿನ ಬಹಳ ಗಲಾಟೆಯಿತ್ತು. ನನಗೂ ವಯಸ್ಸಾಯಿತು, ಕಿವಿ ಮೊದಲಿನ ಹಾಗಿಲ್ಲ. ತಪ್ಪಾಗಿ ಕೇಳಿಸಿರಲೂಬಹುದು. ಅಚ್ಚಾದ ಪುಟ ಇನ್ನೂ ನನ್ನ ಕೈಗೆ ಬಂದಿಲ್ಲ.

ಇದಕ್ಕೆ ಉತ್ತರ ಬರೆಯುವುದು ಬೇಡ. ಅಮ್ಮ ಹೊದಿಕೆ ಒಗೆದಿಟ್ಟಿದ್ದಾಳೆ, ರಜೆಗೆ ಬಂದಾಗ ಆಯಿತು.

ಅಪ್ಪ


ಏಪ್ರಿಲ್ 4
ಮಹಿಳಾ ಕಾರಾಗೃಹ

ಅಪ್ಪಾ,

ಇಲ್ಲಿಂದ ಹೋಗುವ ಕಾಗದ, ಇಲ್ಲಿಗೆ ಬರುವ ಕಾಗದ, ಎರಡನ್ನೂ ಅಧಿಕಾರಿ ಮೇಡಂ ಓದಿದ ಮೇಲೆಯೇ ಅಂಟಿಸುವುದು. ಆದ್ದರಿಂದ ಅವರಿಗೂ ಬೇಸರವಾಗದ ಹಾಗೆ ಬರೆಯುತ್ತೇನೆ.

ಆರೋಗ್ಯವಾಗಿದ್ದೇನೆ. ಒಂದು ಕೋಣೆಯಲ್ಲಿ ಎಂಟು ಜನ. ಚೌಕದಲ್ಲಿ ನಾವು ಕೂತದ್ದು ನಲವತ್ತು ನಿಮಿಷ. ಆಮೇಲೆ ಪೊಲೀಸರು ಸಿಲಿಂಡರುಗಳನ್ನು ಲಾರಿಗೆ ಎಸೆದರು. ಖಾಲಿಯಾದ್ದರಿಂದ ಒಬ್ಬೊಬ್ಬ ಕೈಯಲ್ಲಿ ಎರಡೆರಡು ಹಿಡಿದು ಎಸೆಯುತ್ತಿದ್ದ. ನಮ್ಮನ್ನು ಬಸ್ಸಿಗೆ ಹತ್ತಿಸಿದರು. ಉಳಿದ ಇಪ್ಪತ್ತೆರಡು ಜನಕ್ಕೆ ಜಾಮೀನು ಸಿಕ್ಕಿತು. ಕೈಚೀಟಿ ನನ್ನದಾದ್ದರಿಂದ ನನಗೆ ಸಿಕ್ಕಿಲ್ಲ.

ಮಂತ್ರಿಗಳು ಸದನದಲ್ಲಿ ಅಚ್ಚಾದ ಪುಟ ಎತ್ತಿ ತೋರಿಸಿದರಂತೆ. ಪತ್ರಿಕೆಯಲ್ಲಿ ಅದರ ಚಿತ್ರವೂ ಬಂದಿತ್ತು. ನಾನು ಅಚ್ಚು ಹಾಕಿಸಿದ ಮಾತು ಇರಬೇಕಾದ ಜಾಗದಲ್ಲಿ ಕಂಸದೊಳಗೆ "ಗದ್ದಲ" ಎಂದಿದೆ, ಅಷ್ಟೇ. ಹಾಗಾಗಿ ನಾನು ಸದನದ ಹೆಸರಿನಲ್ಲಿ ಸುಳ್ಳು ಹುಟ್ಟಿಸಿದವಳು.

ಯಾರು ಹೇಳಿದರು ಎಂದು ದಿನವೂ ಕೇಳುತ್ತಾರೆ. ನೆನಪಿಲ್ಲ ಎನ್ನುತ್ತೇನೆ. "ನಿಮ್ಮ ಅಪ್ಪ ಅಲ್ಲೇ ಕೆಲಸ ಮಾಡ್ತಾರಲ್ಲಮ್ಮ?" ಎಂದರು. ನಮ್ಮಪ್ಪ ಆಫೀಸಿನ ಮಾತು ಮನೆಗೆ ತರುವವರಲ್ಲ, ಬೇಕಿದ್ದರೆ ಅವರನ್ನೇ ಕೇಳಿ ಎಂದೆ. ಕೇಳಿಕೊಂಡು ಬಂದರು. ನೀವು ಬರೆದುಕೊಟ್ಟ ಮೂರು ಸಾಲನ್ನು ನನ್ನ ಮುಂದಿಟ್ಟರು. ಅಂಥ ಮಾತೇನೂ ಕೇಳಿಸಿಲ್ಲ, ಮಗಳ ಕೈಚೀಟಿಗೂ ನನಗೂ ಸಂಬಂಧವಿಲ್ಲ. ಅಕ್ಷರ ನಿಮ್ಮದೇ. ಎಲ್ಲೂ ನಡುಗಿರಲಿಲ್ಲ.

ಊರಿಂದ ಹೊರಡುವ ಹಿಂದಿನ ದಿನ ನನ್ನ ಕೋಣೆ ಸ್ವಚ್ಛ ಮಾಡಿದೆ. ನಿಮ್ಮ ಹಳೆಯ ಕಾಗದಗಳನ್ನೆಲ್ಲ ಒಲೆಗೆ ಹಾಕಿದೆ. ಒಂದೂ ಉಳಿದಿಲ್ಲ. ಚಿಂತೆ ಮಾಡಬೇಡಿ.

ಅಮ್ಮ ಬಟ್ಟೆ ತಂದುಕೊಟ್ಟಳು. ನೀವು ರಸ್ತೆಯ ಆಚೆ ಬದಿ ನಿಂತಿದ್ದಿರಿ ಎಂದಳು. ಕಿಟಕಿ ಎತ್ತರದಲ್ಲಿದೆ, ನನಗೆ ಕಾಣಲಿಲ್ಲ.

ಮಗಳು


ಏಪ್ರಿಲ್ 16

ಪುಟ್ಟಿಯ ಅಪ್ಪನವರಿಗೆ,

ಹೋಗಿ ಬರುತ್ತೇನೆ ಎಂದು ಹೊರಟವಳು ಹತ್ತು ದಿನವಾದರೂ ಬರಲಿಲ್ಲ ಎಂದುಕೊಂಡಿರುತ್ತೀರಿ. ನಾನು ಪುಟ್ಟಿಯ ಶಾಲೆಯ ಊರಿನಲ್ಲಿ, ಅವಳ ಕೋಣೆಯಲ್ಲಿದ್ದೇನೆ. ಬೆಳಿಗ್ಗೆ ಎಂಟಕ್ಕೆ ಆ ಕೀಲಿಕೈ ಅಕ್ಕನ ಮನೆಗೆ ಹೋಗುತ್ತೇನೆ, ಸಂಜೆ ಬರುತ್ತೇನೆ.

ಅವರಿಗೆ ಬ್ಯಾಂಡೇಜು ಬಿಚ್ಚಿದ್ದಾರೆ. ಬೆರಳುಗಳು ಒಂದಕ್ಕೊಂದು ಅಂಟಿಕೊಂಡ ಹಾಗಿವೆ. ತಲೆ ಬಾಚುತ್ತೇನೆ, ಊಟ ತಿನ್ನಿಸುತ್ತೇನೆ. ಮೂವತ್ತು ವರ್ಷ ಬೇರೆಯವರ ಬಟ್ಟೆ ಹೊಲಿದವಳು ನಾನು, ಗುಂಡಿ ಹಾಕಲಾಗದ ಕೈ ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಅವರ ರವಿಕೆಗಳಿಗೆಲ್ಲ ಗುಂಡಿ ಕಿತ್ತು ಅಂಟುಪಟ್ಟಿ ಹೊಲಿಯುತ್ತಿದ್ದೇನೆ. ಹಲ್ಲಿನಲ್ಲಿ ಕಚ್ಚಿ ಎಳೆದರೆ ಬಿಚ್ಚುತ್ತದೆ. ನಿನ್ನೆ ಮೊದಲ ಸಲ ತಾವೇ ಬಿಚ್ಚಿ, ಸರ್ಕಸ್ಸಿಗೆ ಸೇರಬಹುದು ನಾನು ಎಂದು ನಕ್ಕರು.

ದಿನವೂ ಪುಟ್ಟಿಯ ವಿಚಾರ ಕೇಳುತ್ತಾರೆ. "ನಿಮ್ಮ ಮನೆಯವರು ಅಲ್ಲೇ ಇದ್ದಾರಲ್ಲಮ್ಮ, ಅವರ ಮಾತು ನಡೆಯೋದಿಲ್ವಾ?" ಎಂದರು ಮೊನ್ನೆ. ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ಬಗ್ಗಿಸಿದೆ. ಕಣ್ಣು ಕಾಣುತ್ತಿಲ್ಲ ಎಂದೆ. ಅವರೇ ನನಗೆ ಸಮಾಧಾನ ಹೇಳಿದರು.

ಪೊಲೀಸರು ಬಂದುಹೋದ ದಿನ ನೀವು ಎಲ್ಲವನ್ನೂ ನನಗೆ ಹೇಳಿದಿರಿ. ನಾನು ಏನೂ ಅನ್ನಲಿಲ್ಲ. ಈಗಲೂ ಅನ್ನುವುದಿಲ್ಲ. ಕೇಳಿದ್ದನ್ನು ಬರೆಯುವುದಷ್ಟೇ ನನ್ನ ಕೆಲಸ ಎಂದು ನೀವು ಮದುವೆಯಾದ ಹೊಸದರಲ್ಲಿ ಹೇಳಿದ್ದು ನೆನಪಾಯಿತು, ಅಷ್ಟೇ. ಅದನ್ನೇ ನಾಲ್ಕು ಜನರ ಹತ್ತಿರ ಹೇಳಿಕೊಂಡು ತಿರುಗಿದವಳು ನಾನು.

ಹಾಲಿನವನಿಗೆ ಒಂದೇ ಲೀಟರು ಸಾಕೆಂದು ಹೇಳಿ. ಯಾವಾಗ ಬರುತ್ತೇನೆಂದು ಈಗಲೇ ಬರೆಯಲಾರೆ.

ಪುಟ್ಟಿಯ ಅಮ್ಮ


ಏಪ್ರಿಲ್ 23

ಈ ಕಾಗದವನ್ನು ಮೊದಲು ಓದುವ ಅಧಿಕಾರಿಯವರಿಗೆ ನಮಸ್ಕಾರ. ದಯವಿಟ್ಟು ಪೂರ್ತಿ ಓದಿ. ಇದರ ಪ್ರತಿಯನ್ನು ಇವತ್ತು ಬೆಳಿಗ್ಗೆ ಸಭಾಧ್ಯಕ್ಷರಿಗೂ ನ್ಯಾಯಾಲಯಕ್ಕೂ ನನ್ನ ಸಹಿ ಹಾಕಿ ಕೊಟ್ಟಿದ್ದೇನೆ. ಮುಚ್ಚಿಡುವಂಥದ್ದು ಇದರಲ್ಲಿ ಇನ್ನೇನೂ ಇಲ್ಲ.

ಪುಟ್ಟೀ,

ಆ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು. ಬರೆದುಕೊಂಡೆ. ಅದೇ ದಿನ ನಿನಗೆ ತಿಳಿಸಿದವನು ನಾನೇ. ನನ್ನ ಕಿವಿಗೆ ಏನೂ ಆಗಿಲ್ಲ. ಪೊಲೀಸರಿಗೆ ಬರೆದುಕೊಟ್ಟದ್ದು ಸುಳ್ಳು.

ಆ ದಿನ ನಿನಗೆ ಬರೆದ ಕಾಗದವನ್ನು ಕೆಳಗಿನ ಅಂಚೆ ಡಬ್ಬಿಗೆ ಹಾಕಿ ಬಂದು ಟೈಪು ಮಾಡಿದೆ. ಮೂರು ಗಂಟೆಗೆ ವಿಭಾಗದ ಮುಖ್ಯಸ್ಥರು ಕರೆದರು. ಚಹಾ ತರಿಸಿದರು. ನಾನು ಕೊಟ್ಟ ಪುಟ ಅವರ ಮುಂದಿತ್ತು. "ಅಷ್ಟು ಗಲಾಟೆಯಲ್ಲಿ ಈ ಸಾಲು ನಿಮಗೆ ಸರಿಯಾಗಿ ಕೇಳಿಸ್ತಾ? ಖಚಿತ ಇಲ್ದಿದ್ರೆ ಗದ್ದಲ ಅಂತ ಹಾಕ್ಬಿಡಿ," ಎಂದರು. ಖಚಿತ ಇದೆ ಸಾರ್ ಎಂದೆ. ಅವರು ಸಿಟ್ಟಾಗಲಿಲ್ಲ. ಕಿಟಕಿಯ ಕಡೆ ನೋಡಿ, ಯೋಚನೆ ಮಾಡಿ ಎಂದರು. ಅಷ್ಟೇ. ಸದನದ ಮಾತನ್ನು ಕಡತದಿಂದ ತೆಗೆಯಬೇಕಾದರೆ ಸಭಾಧ್ಯಕ್ಷರ ಆದೇಶ ಬೇಕು. ಆದೇಶ ಇರಲಿಲ್ಲ. ಆದೇಶ ಎಲ್ಲಿದೆ ಎಂದು ಕೇಳುವ ಹಕ್ಕು ನನಗಿತ್ತು. ಕೇಳಲಿಲ್ಲ.

ಜಾಗಕ್ಕೆ ಬಂದು ಕೂತೆ. ಯಾರೂ ನನ್ನನ್ನು ಹೆದರಿಸಲಿಲ್ಲ, ಯಾರೂ ಆಸೆ ತೋರಿಸಲಿಲ್ಲ. ಹೆದರಿಸಿದ್ದರೆ ಇವತ್ತು ಹೇಳಿಕೊಳ್ಳಲು ಅದಾದರೂ ಇರುತ್ತಿತ್ತು. ನಿವೃತ್ತಿಗೆ ಎಂಟು ತಿಂಗಳಿದೆ ಎಂದು ಅವರು ಹೇಳಲಿಲ್ಲ, ನಾನೇ ಹೇಳಿಕೊಂಡೆ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಆ ಸಾಲು ಬಂದುಬಿಟ್ಟಿತು. ಕಂಸ ತೆರೆದೆ, ಗದ್ದಲ ಎಂದು ಹೊಡೆದೆ, ಕಂಸ ಮುಚ್ಚಿದೆ. ಹೊರಡುವಾಗ ಮುಖ್ಯಸ್ಥರು ಹೆಗಲು ತಟ್ಟಿದರು. ಆಗ ನಿನಗೆ ಬರೆದ ಕಾಗದ ನೆನಪಾಗಿ ಅಂಚೆ ಡಬ್ಬಿಯ ಹತ್ತಿರ ಓಡಿದೆ. ಅದನ್ನು ವಾಪಸು ತೆಗೆದುಕೊಳ್ಳಲು. ಅಂಚೆಯವನು ಆಗಲೇ ಬಂದುಹೋಗಿದ್ದ. ಮಗಳಿಗೆ ಬರೆದ ನಿಜವನ್ನು ಕಸಿದುಕೊಳ್ಳಲು ಅಪ್ಪ ಮೆಟ್ಟಿಲಿಳಿದು ಓಡಿದ್ದು ಹಾಗೆ.

ಪೊಲೀಸರ ಮುಂದೆ ಬರೆಯುವಾಗ ನೀನು ಮೂರು ಬೀದಿಯಾಚೆಯ ಲಾಕಪ್ಪಿನಲ್ಲಿದ್ದೆ. ನನಗೆ ಗೊತ್ತಿತ್ತು. ಕೈ ನಡುಗಲಿಲ್ಲ ಎಂದು ನೀನು ಬರೆದದ್ದು ನಿಜ. ಯಾರು ಹೇಳಿದ್ದನ್ನಾದರೂ ನಡುಗದೆ ಬರೆಯುವ ಕೈ ಇದು. ಸ್ವಂತ ಮಾತನ್ನು ಬರೆದೇ ಅಭ್ಯಾಸವಿಲ್ಲ.

ಶೀಘ್ರಲಿಪಿಯ ಪುಸ್ತಕ ಕಚೇರಿಯ ಬೀರುವಿನಲ್ಲಿದೆ. ಆ ಪುಟ ಹರಿಯಲು ಯಾರೂ ಹೇಳಲಿಲ್ಲ, ಹೇಳಿದ್ದರೆ ಹರಿಯುತ್ತಿದ್ದೆನೇನೋ. ಅದನ್ನು ಯಾವ ವರದಿಗಾರ ಬೇಕಾದರೂ ಓದಬಲ್ಲ ಎಂದು ಸಭಾಧ್ಯಕ್ಷರಿಗೆ ಕೊಟ್ಟ ಹೇಳಿಕೆಯಲ್ಲೂ ಬರೆದಿದ್ದೇನೆ.

ನಿನ್ನನ್ನು ಕ್ಷಮೆ ಕೇಳುವುದಿಲ್ಲ. ಕೇಳಿದರೆ ಕೊಡಬೇಕೋ ಬೇಡವೋ ಎಂಬ ಭಾರವನ್ನೂ ನಿನ್ನ ಮೇಲೇ ಹೊರಿಸಿದ ಹಾಗಾಗುತ್ತದೆ.

ಅಪ್ಪ


ಮೇ 22

ಅಪ್ಪಾ,

ಹೊರಗೆ ಬಂದು ಹತ್ತು ದಿನವಾಯಿತು. ಸುಳ್ಳು ಹುಟ್ಟಿಸಿದೆನೆಂಬ ಮೊಕದ್ದಮೆ ಬಿದ್ದುಹೋಯಿತು. ಅನುಮತಿ ಇಲ್ಲದ ಜಾಗದಲ್ಲಿ ಕೂತದ್ದು ಮಾತ್ರ ಉಳಿದಿದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ, ಕೂತದ್ದು ನಿಜ. ಕೂರಲು ನನಗೆ ಹಕ್ಕಿತ್ತು ಎಂದು ವಾದ ಮಾಡುತ್ತೇನೆ.

ನಿಮ್ಮ ಕಾಗದವನ್ನು ಅಧಿಕಾರಿ ಮೇಡಂ ತಾವೇ ಕೋಣೆಯವರೆಗೆ ತಂದುಕೊಟ್ಟರು. ಅವತ್ತು ಅಂಟಿಸಿರಲಿಲ್ಲ. ನಾನು ಓದಿ ಮುಗಿಸುವವರೆಗೆ ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತಿದ್ದರು.

ಬಿಡುಗಡೆಯ ದಿನ ರೈಲು ಸ್ಟೇಷನ್ನಿನಿಂದ ನಮ್ಮ ಬೀದಿಗೆ ಹೋಗುವ ಬಸ್ಸು ಎದುರಿಗೇ ನಿಂತಿತ್ತು. ಹತ್ತಲಿಲ್ಲ. ಕೋಪದಿಂದಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಕೋಪ ಒಂದೇ ಅಲ್ಲ. ನಾನು ಯಾರಿಗೂ ಹೇಳದ ಒಂದು ವಿಚಾರವಿದೆ.

ಪ್ರತಿ ವರ್ಷ ಜೂನ್ ಮೊದಲ ವಾರದಲ್ಲಿ ಲ್ಯಾಬಿನ ಸುರಕ್ಷತಾ ರಿಜಿಸ್ಟರಿಗೆ ವಿಜ್ಞಾನದ ಶಿಕ್ಷಕಿ ಸಹಿ ಹಾಕಬೇಕು. ಬೆಂಕಿ ಆರಿಸುವ ಸಿಲಿಂಡರ್, ಪರಿಶೀಲಿಸಲಾಗಿದೆ. ಮೂರು ವರ್ಷವೂ ಹಾಕಿದ್ದೇನೆ. ಒಂದು ಸಲವೂ ಗೋಡೆಯಿಂದ ಇಳಿಸಿ ನೋಡಲಿಲ್ಲ. ಸಮಯ ಇರಲಿಲ್ಲ ಎಂದಲ್ಲ, ಎಲ್ಲರೂ ಹಾಗೇ ಹಾಕುತ್ತಾರೆ ಎಂದು. ಬೆಂಕಿ ಬಿದ್ದ ದಿನ ಕೈಗೆತ್ತಿಕೊಂಡ ಕೂಡಲೇ ತಿಳಿದಿತ್ತು, ಇದು ಹಗುರ ಎಂದು. ಖಾಲಿ ಕೊಡ ಯಾವುದು, ತುಂಬಿದ ಕೊಡ ಯಾವುದು ಎಂದು ಮಗುವಿಗೂ ಗೊತ್ತಾಗುತ್ತದೆ. ಚೌಕದಲ್ಲಿ ಕೂತಾಗಲೂ, ಜೈಲಿನಲ್ಲಿ ನಿಮ್ಮ ಮೂರು ಸಾಲು ಓದಿ ನಿಮ್ಮನ್ನು ಮನಸ್ಸಿನಲ್ಲಿ ಬೈಯುವಾಗಲೂ ಆ ಮೂರು ಸಹಿ ನನ್ನ ಬೆನ್ನ ಹಿಂದೆಯೇ ಇದ್ದವು. ನಿಮ್ಮ ಕಾಗದ ಸುಟ್ಟದ್ದು ನಿಮ್ಮನ್ನು ಉಳಿಸಲು ಎಂದುಕೊಂಡಿದ್ದೆ. ಬೇಡದ ಕಾಗದ ಇಲ್ಲವಾದರೆ ಸಾಕು ಎನ್ನುವ ಬುದ್ಧಿ ನನಗೂ ಎಲ್ಲಿಂದ ಬಂತು?

ಮೊನ್ನೆ ಕೀಲಿಕೈ ಅಕ್ಕನಿಗೆ ಹೇಳಿದೆ. ಅಮ್ಮನೂ ಅಲ್ಲೇ ಇದ್ದಳು. ಅಕ್ಕ ತಮ್ಮ ಕೈ ನೋಡಿಕೊಂಡರು.

"ಧೂಳು ಒರೆಸುವಾಗ ಎತ್ತಿದ್ದೆ ಟೀಚರ್. ಹಗುರ ಅನ್ನಿಸಿತ್ತು. ನೀವು ಓದಿದವರು, ಸಹಿ ಹಾಕಿದೀರಲ್ಲ, ಇದು ಇರೋದೇ ಹೀಗೇನೋ ಅಂತ ಸುಮ್ಮನಾದೆ."

ಅದರಲ್ಲಿ ಸಿಟ್ಟೇ ಇರಲಿಲ್ಲ ಅಪ್ಪಾ. ನಾನು ಎದ್ದು ಹೊರಗೆ ಹೋದೆ. ಅಮ್ಮ ಹಿಂದೆ ಬರಲಿಲ್ಲ.

ರಿಜಿಸ್ಟರಿನ ವಿಚಾರವನ್ನು ಶಿಕ್ಷಣಾಧಿಕಾರಿಗೆ ಬರೆದು ಕೊಟ್ಟಿದ್ದೇನೆ. ನಿಮ್ಮ ಕಾಗದ ಓದದೇ ಇದ್ದಿದ್ದರೆ ಕೊಡುತ್ತಿರಲಿಲ್ಲ. ಇದನ್ನು ಹೊಗಳಿಕೆ ಎಂದುಕೊಳ್ಳಬೇಡಿ. ಇಬ್ಬರಿಗೂ ಹೊಗಳಿಕೆಯ ಕಾಲ ಇದಲ್ಲ.

ಪುಟ್ಟಿ


ಆಗಸ್ಟ್ 30

ಪುಟ್ಟೀ,

ನನ್ನ ಹೇಳಿಕೆಯ ಬಗ್ಗೆ ವಿಚಾರಣೆ ಮಾಡಿದ ಹಕ್ಕುಬಾಧ್ಯತಾ ಸಮಿತಿಯ ವರದಿ ನಿನ್ನೆ ಸದನದಲ್ಲಿ ಮಂಡನೆಯಾಯಿತು. ನನ್ನ ಪುಸ್ತಕದ ಆ ಪುಟವನ್ನು ಕಿರಿಯ ವರದಿಗಾರ್ತಿಯೊಬ್ಬಳಿಂದ ಓದಿಸಿದ್ದರು. ಅವಳಿಗೆ ಕೆಲಸ ಕಲಿಸಿದವನು ನಾನು. ಒಂದು ಅಕ್ಷರ ತಪ್ಪದೆ ಓದಿದಳು, ನನ್ನ ಮುಖ ಮಾತ್ರ ನೋಡಲಿಲ್ಲ. ಮಂತ್ರಿಗಳನ್ನು ಬೇರೆ ಖಾತೆಗೆ ಹಾಕಿದ್ದಾರೆ. ತಮಾಷೆಗೆ ಆಡಿದ ಮಾತು ಅದು ಎಂದರಂತೆ. ಮುಖ್ಯಸ್ಥರು ಅಲ್ಲೇ ಇದ್ದಾರೆ. ಯೋಚನೆ ಮಾಡಿ ಎಂದದ್ದು ಯಾವ ನಿಯಮಕ್ಕೂ ವಿರುದ್ಧವಲ್ಲ. ನನ್ನನ್ನು ಅವಧಿಗೆ ಮೊದಲೇ ಕಳಿಸಿದ್ದಾರೆ. ಅದು ಸರಿಯಾದದ್ದೇ. ಪುಟಕ್ಕೆ ತಿದ್ದುಪಡಿ ಚೀಟಿ ಅಂಟಿಸುತ್ತಾರಂತೆ. ಯಾರಾದರೂ ಆ ಸಂಪುಟ ತೆಗೆದರೆ ಎರಡೂ ಕಾಣುತ್ತವೆ, ಅವರ ಮಾತೂ ನನ್ನ ಕಂಸವೂ.

ನಿನಗೆ ಸಂಬಳದ ಬಡ್ತಿ ತಡೆದ ಆದೇಶ ಬಂತೆಂದು ಅಮ್ಮ ಹೇಳಿದಳು. ಅವಳು ಬಂದು ಎರಡು ವಾರವಾಯಿತು. ಮೊದಲ ದಿನ ನನ್ನ ಜೊತೆ ಮಾತಾಡಲಿಲ್ಲ. ಎರಡನೆಯ ದಿನ ಒಂದು ಬಟ್ಟೆ ಕೈಗೆ ಕೊಟ್ಟು, ಗೀಟು ಹಾಕಿದ್ದೇನೆ, ಅದರ ಮೇಲೇ ಕತ್ತರಿಸಿ ಎಂದಳು. ದಿನಕ್ಕೆ ನಾಲ್ಕೈದು ರವಿಕೆ ಕತ್ತರಿಸುತ್ತೇನೆ. ಹೆಚ್ಚು ಮಾತಿಲ್ಲ.

ಇವತ್ತು ಗುಂಡಿ ತರಲು ಪೇಟೆಗೆ ಹೋದವನು ಚೌಕದ ಮೇಲೆ ಬಂದೆ. ಸದನದ ಎದುರು ಪಾದಚಾರಿ ದಾರಿಯಲ್ಲಿ ಎಂಬತ್ತು ತೊಂಬತ್ತು ಜನ ಕೂತಿದ್ದರು. ಯಾವುದೋ ದೂರದ ಊರಿನವರು. ಅವರ ಊರಿಗೆ ಹಾಕದ ನೀರಿನ ಕೊಳವೆಯನ್ನು ಹಾಕಿದ್ದೇವೆಂದು ಸರ್ಕಾರ ಲೆಕ್ಕದಲ್ಲಿ ತೋರಿಸಿದೆಯಂತೆ. ಮೂವತ್ತೊಂದು ವರ್ಷ ಇಂಥವರ ಪಕ್ಕದಿಂದಲೇ ಹಾದು ಗೇಟಿನೊಳಗೆ ಹೋಗಿದ್ದೇನೆ. ಅವರು ಕೂಗಿದ್ದು ಒಂದು ದಿನವೂ ನನಗೆ ಮಾತಾಗಿ ಕೇಳಿಸಿದ್ದಿಲ್ಲ. ಇವತ್ತು ಕಾಲು ಮುಂದೆ ಹೋಗಲಿಲ್ಲ. ಕೊನೆಯ ಸಾಲಿನಲ್ಲಿ, ನನ್ನ ವಯಸ್ಸಿನ ಹೆಂಗಸೊಬ್ಬರ ಪಕ್ಕ, ಕಲ್ಲಿನ ಅಂಚಿನ ಮೇಲೆ ಕೂತೆ.

ನಿಮ್ಮನ್ನು ಬಸ್ಸಿನಲ್ಲಿ ನೋಡಲಿಲ್ಲವಲ್ಲ ಎಂದರು ಆಕೆ. ನಾನು ಈ ಊರಿನವನೇ ಎಂದೆ. ಏನು ಕೆಲಸ ಎಂದು ಕೇಳಿದರು. ಎದುರಿನ ಕಟ್ಟಡ ತೋರಿಸಿ, ಅಲ್ಲಿ ಆಡಿದ ಮಾತನ್ನು ಬರೆದುಕೊಳ್ಳುವ ಕೆಲಸದಲ್ಲಿದ್ದೆ ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆಕೆ ಇನ್ನೇನೂ ಕೇಳಿರಲಿಲ್ಲ.

"ಆ ಖಾಲಿ ಸಿಲಿಂಡರಿನ ಮಾತನ್ನ ಗದ್ದಲ ಅಂತ ಬರೆದವನು ನಾನೇ," ಎಂದೆ.

ಆಕೆ ನನ್ನ ಮುಖವನ್ನು ದಿಟ್ಟಿಸಿ ನೋಡಿದರು. ಮಡಿಲಲ್ಲಿದ್ದ ಚೀಲವನ್ನು ಎತ್ತಿ ಆ ಕಡೆಗಿಟ್ಟುಕೊಂಡು, ಒಂದು ಗೇಣು ಆಚೆ ಸರಿದರು. ನನಗೆ ಜಾಗ ಮಾಡಿಕೊಟ್ಟರೋ, ನನ್ನಿಂದ ದೂರ ಸರಿದರೋ, ತಿಳಿಯಲಿಲ್ಲ. ಕೇಳಲೂ ಇಲ್ಲ.

ಅವರೆಲ್ಲ ಏಳುವವರೆಗೆ ಅಲ್ಲೇ ಕೂತಿದ್ದೆ.

ಅಪ್ಪ